ಜಪಾನಿನ ಹಳೆಯ ಹಿತ್ತಾಳೆ ಎಂಜಿನ್ ಕೊಳ್ಳುವುದು ಹೇಗೆ: ಮೊದಲು ತಳ ನೋಡಿ, ಆಮೇಲೆ ಬೆಲೆ ಕೇಳಿ

1950ರ ದಶಕದ ನಡುವಿನಿಂದ 1970ರ ದಶಕದ ಕೊನೆಯವರೆಗೆ ಜಪಾನಿನ ಸಣ್ಣಪುಟ್ಟ ಕಾರ್ಖಾನೆಗಳು ಅಮೆರಿಕದ ರೈಲುಪ್ರಿಯರಿಗಾಗಿ ಹಿತ್ತಾಳೆಯ ಉಗಿ ಎಂಜಿನ್ ಮಾದರಿಗಳನ್ನು ಕೈಯಿಂದ ಬೆಸೆದು ಕಳಿಸುತ್ತಿದ್ದವು. ತಗಡು ಕತ್ತರಿಸಿ, ಬಾಗಿಸಿ, ಮೇಣದ ಅಚ್ಚಿನಲ್ಲಿ ಎರಕ ಹೊಯ್ದ ಪುಟ್ಟ ಭಾಗಗಳನ್ನು ಒಂದೊಂದಾಗಿ ಕೂರಿಸಿದ ಕೆಲಸ ಅದು. 1971ರವರೆಗೆ ಒಂದು ಡಾಲರಿಗೆ 360 ಯೆನ್ ಎಂಬ ದರ ನಿಗದಿಯಾಗಿದ್ದರಿಂದ ಅಷ್ಟೊಂದು ಕೈಕೆಲಸ ಅಮೆರಿಕದ ಮಧ್ಯಮ ವರ್ಗದವರ ಕೈಗೆಟುಕುತ್ತಿತ್ತು. ಯೆನ್ ಬಲವಾದಂತೆ, ಜಪಾನಿನ ಕೂಲಿ ಏರಿದಂತೆ ಕೆಲಸ ಕೊರಿಯಾಕ್ಕೆ ಸರಿಯಿತು.

ಅಂದು ಕೊಂಡವರ ಸಂಗ್ರಹಗಳು ಈಗ ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ಸೂಕ್ಷ್ಮ ವಿವರವೂ ಸದ್ದೂ ಇರುವ ಪ್ಲಾಸ್ಟಿಕ್ ಮಾದರಿಗಳು ಬಂದ ಮೇಲೆ ಸಾಮಾನ್ಯ ಹಿತ್ತಾಳೆ ಎಂಜಿನ್‌ಗಳ ಬೇಡಿಕೆ ತಗ್ಗಿದೆ. ಹಾಗಾಗಿ ಇವನ್ನು ಹೂಡಿಕೆಯೆಂದು ಕೊಳ್ಳಬೇಡಿ. ಹಳಿಯ ಮೇಲೆ ಓಡಿಸಬೇಕು, ಕೈಯಲ್ಲಿ ಹಿಡಿದು ನೋಡಬೇಕು ಎಂಬ ಆಸೆಯಿದ್ದರೆ ಮಾತ್ರ ಇದು ಒಳ್ಳೆಯ ಕಾಲ. ಕೊಳ್ಳುವವರಿಗೆ ಬೇಕಾದ ಮುಖ್ಯ ವಿದ್ಯೆ ಒಂದೇ: ಯಾವ ದೋಷ ರಿಪೇರಿಯಾಗುತ್ತದೆ, ಯಾವುದು ಆಗುವುದಿಲ್ಲ ಎಂದು ದುಡ್ಡು ಕೊಡುವ ಮುಂಚೆ ಗುರುತಿಸುವುದು. ಹೊಸಬರು ಹೆದರುವ ದೋಷಗಳಲ್ಲಿ ಹೆಚ್ಚಿನವು ಒಂದು ಸಂಜೆಯಲ್ಲಿ ಸರಿಹೋಗುತ್ತವೆ. ಅವರು ಕಣ್ಣೆತ್ತಿಯೂ ನೋಡದ ದೋಷಗಳೇ ಎಂಜಿನ್ನನ್ನು ಶೋಕೇಸಿನ ಗೊಂಬೆ ಮಾಡಿಬಿಡುತ್ತವೆ.

ಇಲ್ಲಿ ಹೇಳುವುದೆಲ್ಲ ಎಚ್‌ಓ ಅಳತೆಯ, ಅಂದರೆ 1:87ರ, 16.5 ಮಿ.ಮೀ. ಹಳಿಯ ಉಗಿ ಎಂಜಿನ್‌ಗಳ ಬಗ್ಗೆ.

ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಎರಡು ಹೆಸರು ಇರುತ್ತವೆ: ತರಿಸಿಕೊಂಡ ಅಮೆರಿಕದ ಕಂಪನಿಯದೊಂದು, ತಯಾರಿಸಿದ ಜಪಾನಿನ ಕಾರ್ಖಾನೆಯದೊಂದು. ಪೆಸಿಫಿಕ್ ಫಾಸ್ಟ್ ಮೇಲ್, ಅಂದರೆ ಪಿಎಫ್‌ಎಂ, ತರಿಸಿಕೊಂಡ ಕಂಪನಿ. ಯುನೈಟೆಡ್ ಮತ್ತು ಟೆನ್ಶೋಡೊ ಅದಕ್ಕೆ ಮಾಡಿಕೊಟ್ಟ ಹೆಸರುಗಳು. ಟೆನ್ಶೋಡೊ ಟೋಕಿಯೊದ ಗಿಂಜಾದಲ್ಲಿ ಗಡಿಯಾರ, ಆಭರಣ ಮಾರುತ್ತಿದ್ದ ಹಳೆಯ ಅಂಗಡಿ. ಯುದ್ಧದ ನಂತರ ರೈಲು ಮಾದರಿಗೆ ಕೈಹಾಕಿತು. ಅದರ ಗ್ರೇಟ್ ನಾರ್ದರ್ನ್ ರೈಲ್ವೆಯ ಎಂಜಿನ್‌ಗಳು, ಬಿಗ್ ಬಾಯ್ ಎಂಬ ದೈತ್ಯ ಎಂಜಿನ್ ಇಂದಿಗೂ ಬೇಡಿಕೆ ಉಳಿಸಿಕೊಂಡಿವೆ. ಕೆಟಿಎಂ ಎಂದರೆ ಕತ್ಸುಮಿ ಎಂಬ ಜಪಾನಿನ ತಯಾರಕ. ಬಾಲ್ಬೋವಾ ಕಂಪನಿ ಸದರ್ನ್ ಪೆಸಿಫಿಕ್ ರೈಲ್ವೆಯ ಎಂಜಿನ್‌ಗಳಿಗೆ ಹೆಸರುವಾಸಿ. ಅಕಾನೆ, ಟೋಬಿ, ಜೆಮ್, ವೆಸ್ಟ್‌ಸೈಡ್, ಹಾಲ್‌ಮಾರ್ಕ್ ಎಂಬ ಹೆಸರುಗಳೂ ಪದೇ ಪದೇ ಎದುರಾಗುತ್ತವೆ.

ಮೂರು ಕಡೆ ಎಡವುವ ಸಂಭವವಿದೆ. ಒಂದು, ತರಿಸಿಕೊಂಡ ಕಂಪನಿಯ ಹೆಸರು ನೋಡಿ ದೇಶ ಊಹಿಸುವುದು. ವೆಸ್ಟ್‌ಸೈಡ್, ಕೀ ಮುಂತಾದವು ಮೊದಲು ಜಪಾನಿನಿಂದ, ಆಮೇಲೆ ಕೊರಿಯಾದ ಸ್ಯಾಮ್‌ಹೊಂಗ್ಸಾ ಕಾರ್ಖಾನೆಯಿಂದ ತರಿಸಿದವು. ಲೇಬಲ್ ಮೇಲೆ ಜಪಾನ್ ಎಂದು ಇದೆಯೇ ಎಂದು ನೋಡಿ. ಕೊರಿಯಾದ್ದು ಕಳಪೆಯಲ್ಲ, ವಿವರದಲ್ಲಿ ಎಷ್ಟೋ ಸಲ ಮೇಲು, ಆದರೆ ಗೇರು, ಮೋಟಾರಿನ ವ್ಯವಸ್ಥೆ ಬೇರೆ, ಬೆಲೆಯೂ ಬೇರೆ. ಎರಡು, ಜಪಾನಿನ ಹರಾಜುಗಳಲ್ಲಿ ಸಿಗುವ ಸಿ62, ಡಿ51ರಂಥ ಜಪಾನ್ ರೈಲ್ವೆಯ ಎಂಜಿನ್‌ಗಳು ಎಚ್‌ಓ ಅಲ್ಲ. ಅವು 1:80 ಅಳತೆಯವು. ಅಲ್ಲಿ ಅದಕ್ಕೆ 16ನೇ ನಂಬರಿನ ಗೇಜ್ ಎನ್ನುತ್ತಾರೆ. ಹಳಿ ಅದೇ 16.5 ಮಿ.ಮೀ. ಆದ್ದರಿಂದ ಓಡುತ್ತವೆ, ಆದರೆ ಅಮೆರಿಕದ ಎಚ್‌ಓ ಬೋಗಿಗಳ ಪಕ್ಕ ಅಳತೆ ಕೂಡುವುದಿಲ್ಲ. ಮೂರು, ಅದೇ ಎಂಜಿನ್ನನ್ನು ಒಂದೇ ಕಂಪನಿ ಹತ್ತಾರು ವರ್ಷಗಳಲ್ಲಿ ಹಲವು ಸಲ ಮಾಡಿಸಿರುತ್ತದೆ. 1960ರ ಮಾದರಿಗೂ 1975ರ ಮಾದರಿಗೂ ಎರಕದ ವಿವರ, ಮೋಟಾರು, ಗೇರ್‌ಬಾಕ್ಸ್ ಎಲ್ಲದರಲ್ಲೂ ವ್ಯತ್ಯಾಸ. ಮಾರುವವರು ಹೇಳುವ ವರ್ಷ ನಂಬುವ ಬದಲು, ಹಿಂದೆ ಮಾರಾಟವಾದ ಅದೇ ಎಂಜಿನ್‌ಗಳ ಫೋಟೊಗಳ ಜೊತೆ ಹೋಲಿಸಿ. ಬ್ರಾಸ್‌ಟ್ರೇನ್ಸ್ ಡಾಟ್ ಕಾಮ್‌ನಲ್ಲಿ ಹಳೆಯ ಮಾರಾಟಗಳ ಫೋಟೊಗಳು ಸಾಕಷ್ಟಿವೆ.

ಮೊದಲ ಖರೀದಿಗೆ ನಮ್ಮ ಸಲಹೆ ಯುನೈಟೆಡ್ ಮಾಡಿದ, 2-8-0 ಅಥವಾ 4-6-0ರಂಥ ಸಣ್ಣ ಎಂಜಿನ್ (ಈ ಅಂಕಿಗಳು ಕ್ರಮವಾಗಿ ಮುಂದಿನ ಪುಟ್ಟ ಗಾಲಿ, ನಡುವಿನ ಚಾಲಕ ಗಾಲಿ, ಹಿಂದಿನ ಪುಟ್ಟ ಗಾಲಿಗಳ ಎಣಿಕೆ). ಭಾಗಗಳು ಕಡಿಮೆ, ಒಳಗೆ ಕೈಯಾಡುತ್ತದೆ, 46 ಸೆಂ.ಮೀ. ತ್ರಿಜ್ಯದ ತಿರುವಿನಲ್ಲೂ ಹೆಚ್ಚಿನವು ಹೋಗುತ್ತವೆ. ಬಿಗ್ ಬಾಯ್‌ನಂಥ 4-8-8-4 ದೈತ್ಯನಿಗೆ 75ರಿಂದ 90 ಸೆಂ.ಮೀ. ತ್ರಿಜ್ಯ ಬೇಕು. ಪಿಎಫ್‌ಎಂ-ಯುನೈಟೆಡ್‌ನ ಶೇ (Shay) ಎಂಬ, ಕಾಡಿನಿಂದ ಮರ ಸಾಗಿಸುವ ಎಂಜಿನ್ ಬಹಳ ಜನಪ್ರಿಯ, ನೋಡಲು ಬಲು ಚೆಂದ. ಆದರೆ ಪಕ್ಕದಲ್ಲಿ ಹಾಯುವ ಶಾಫ್ಟು, ಶಂಕು ಗೇರುಗಳಿಂದಾಗಿ ಅದು ಕಲಿಯುವ ಕೈಗೆ ತಕ್ಕದ್ದಲ್ಲ.

ಸರಿಹೋಗುವುದು, ಹೋಗದಿರುವುದು

ಧೈರ್ಯವಾಗಿ ಒಪ್ಪಿಕೊಳ್ಳಬಹುದಾದ ದೋಷಗಳು: ಮಂಕಾದ ಬಣ್ಣ, ಕಪ್ಪು ಕಲೆ, ಸುಟ್ಟ ಬಲ್ಬು, ಗಟ್ಟಿಯಾದ ಹಳೆಯ ಗ್ರೀಸು, ಸತ್ತ ಮೋಟಾರು, ಮೋಟಾರಿಗೂ ಗೇರಿಗೂ ನಡುವಿನ ರಬ್ಬರ್ ಕೊಳವೆ ಒಡೆದಿರುವುದು, ಬೆಸುಗೆ ಬಿಟ್ಟು ಪೆಟ್ಟಿಗೆಯಲ್ಲೇ ಬಿದ್ದಿರುವ ಮೆಟ್ಟಿಲು ಅಥವಾ ಹಿಡಿಕಂಬಿ. ಸೊಟ್ಟಗಾದ ಹಿಡಿಕಂಬಿ ಕೂಡ ಪರವಾಗಿಲ್ಲ. ಇವೆಲ್ಲ ಬೆಲೆ ಇಳಿಸಲು ನಿಮಗೆ ಸಿಕ್ಕ ಅಸ್ತ್ರಗಳು.

ಬೆಲೆ ಎಷ್ಟು ಕಡಿಮೆಯಿದ್ದರೂ ಕೈಬಿಡಬೇಕಾದವು ಬೇರೆ. ಮೊದಲನೆಯದು ಸತುವಿನ ಕೊಳೆತ. ಎಂಜಿನ್ ಹಿತ್ತಾಳೆಯದಾದರೂ ಕೆಲವು ಮಾದರಿಗಳಲ್ಲಿ ಚಾಲಕ ಗಾಲಿಯ ನಡುಭಾಗ ಅಥವಾ ಗೇರ್‌ಬಾಕ್ಸಿನ ಗೂಡು ಸತುವಿನ ಮಿಶ್ರಲೋಹದ ಎರಕ. ಆ ಲೋಹದಲ್ಲಿ ಸೀಸದ ಕಲಬೆರಕೆ ಸೇರಿದ್ದರೆ ಹರಳುಗಳ ನಡುವೆ ತುಕ್ಕು ನುಗ್ಗಿ, ಭಾಗ ಉಬ್ಬಿ, ಕೂದಲಿನಂಥ ಬಿರುಕು ಬಿಟ್ಟು, ಕೊನೆಗೆ ಪುಡಿಯಾಗುತ್ತದೆ. ತೇವ ಹೆಚ್ಚಿದ್ದಷ್ಟೂ ಬೇಗ. ಇದಕ್ಕೆ ಔಷಧವಿಲ್ಲ, ಬದಲಿ ಗಾಲಿ ಸಿಕ್ಕರೆ ಬಚಾವು, ಸಿಗದಿದ್ದರೆ ಅಷ್ಟೇ. ಎರಡನೆಯದು ತಗಡಿನ ಬಾಗು: ಬಾಯ್ಲರಿನ ಕೊಳವೆ ಅಥವಾ ಕ್ಯಾಬಿನ ಗೋಡೆ ಬಿದ್ದು ಮಡಿದಿದ್ದರೆ ಮತ್ತೆ ನೇರ ಮಾಡಿದರೂ ಗೆರೆ ಉಳಿಯುತ್ತದೆ, ಸುತ್ತಲಿನ ಬೆಸುಗೆಗಳೆಲ್ಲ ಸಡಿಲವಾಗುತ್ತವೆ. ಮೂರನೆಯದು ಕಾಣೆಯಾದ ಟೆಂಡರ್ (ಎಂಜಿನ್ನಿನ ಹಿಂದಿರುವ ಕಲ್ಲಿದ್ದಲು-ನೀರಿನ ಬಂಡಿ), ಅಥವಾ ಇನ್ನೊಂದು ಎಂಜಿನ್ನಿನ ಟೆಂಡರ್ ಜೋಡಿಸಿರುವುದು. ನಾಲ್ಕನೆಯದು ಗಾಲಿಗಳ ಪಕ್ಕದಲ್ಲಿ ಆಡುವ ಕವಾಟ ಸರಳುಗಳಲ್ಲಿ ಒಂದು ಕಾಣೆಯಾಗಿರುವುದು. ಅಷ್ಟೇ ಉದ್ದದ, ಅದೇ ಆಕಾರದ ಸರಳು ಬೇರೆ ಕಡೆ ಸಿಗುವುದು ಅಪರೂಪ, ಹೊಸದಾಗಿ ಕಡೆಯಬೇಕಾಗುತ್ತದೆ.

ನಡುವೆ ಒಂದು ಬೂದುಬಣ್ಣದ ವಲಯವಿದೆ: ಹಳಬರು ಬಳಿದ ಬಣ್ಣ. ಕಾರ್ಖಾನೆಯ ಪಾರದರ್ಶಕ ಲ್ಯಾಕರ್ ಇರುವ, ಬಣ್ಣ ಬಳಿಯದ ಎಂಜಿನ್ನಿಗೆ ಸಂಗ್ರಹಕಾರರಲ್ಲಿ ಬೆಲೆ ಹೆಚ್ಚು. ನುರಿತವರು ತೆಳುವಾಗಿ ಬಳಿದಿದ್ದರೂ ಚಿಂತೆಯಿಲ್ಲ. ಕುಂಚದಿಂದ ದಪ್ಪಗೆ ಬಳಿದು ರಿವೆಟ್‌ಗಳೇ ಮುಚ್ಚಿಹೋಗಿದ್ದರೆ ಬಣ್ಣ ತೆಗೆಯಲೇಬೇಕು. ತೆಗೆದಾಗ ಕೆಳಗೆ ಏನಿದೆಯೋ, ಎಪಾಕ್ಸಿ ಮೆತ್ತಿದ ಮುರುಕೋ, ಯಾರಿಗೂ ಗೊತ್ತಿಲ್ಲ. ಅಂಥದ್ದನ್ನು ಬಣ್ಣವಿಲ್ಲದ ಎಂಜಿನ್ನಿನ ಅರ್ಧ ಬೆಲೆಗಿಂತ ಮೇಲೆ ಕೊಳ್ಳಬಾರದು ಎಂಬುದು ನಮ್ಮ ಅಭಿಪ್ರಾಯ.

ದೂರದಿಂದ ಕೊಳ್ಳುವಾಗ ಕೇಳಬೇಕಾದ ಫೋಟೊಗಳು

ಮಾರುವವರು ಪಕ್ಕದಿಂದ ಎರಡು ಚೆಂದದ ಫೋಟೊ ಹಾಕಿರುತ್ತಾರೆ. ಅದರಿಂದ ಏನೂ ತಿಳಿಯದು. ಈ ಕೆಳಗಿನವನ್ನು ಕೇಳಿ:

1. ಎಂಜಿನ್ ಮಗುಚಿ ತೆಗೆದ ತಳದ ಫೋಟೊ. ಗೇರ್‌ಬಾಕ್ಸು, ಗಾಲಿಯ ಅಚ್ಚುಗಳನ್ನು ಹಿಡಿದಿರುವ ಪಟ್ಟಿ, ಸ್ಕ್ರೂ ತಲೆಗಳು ಕಾಣಬೇಕು. ಸ್ಕ್ರೂ ತಲೆಯ ಸೀಳು ಹರಿದಿದ್ದರೆ ಸರಿಯಾದ ಉಪಕರಣವಿಲ್ಲದ ಯಾರೋ ಒಳಗೆ ಕೈಹಾಕಿದ್ದಾರೆ.
2. ಗಾಲಿಯ ಅಂಚಿನ ಹತ್ತಿರದ ಫೋಟೊ. ಬೆಳ್ಳಿಬಣ್ಣದ ನಿಕ್ಕಲ್ ಲೇಪ ಸವೆದು ಹಳದಿ ಹಿತ್ತಾಳೆ ಇಣುಕುತ್ತಿದ್ದರೆ ಎಂಜಿನ್ ಬಹಳ ಓಡಿದೆ.
3. ಎರಡೂ ಬದಿಯಿಂದ ಕವಾಟ ಸರಳುಗಳು. ಒಂದು ಬದಿಯಲ್ಲಿ ಇರುವುದೆಲ್ಲ ಇನ್ನೊಂದು ಬದಿಯಲ್ಲೂ ಇದೆಯೇ ಎಂದು ಎಣಿಸಿ ನೋಡಿ.
4. ಟೆಂಡರಿನ ತಳ ಮತ್ತು ಎಂಜಿನ್-ಟೆಂಡರ್ ಕೊಂಡಿ. ಕೊಂಡಿಯ ಮೊಳೆಯ ಸುತ್ತಲಿನ ನಿರೋಧಕ ವಾಷರ್ ತುಂಬಾ ಸಲ ಕಳೆದುಹೋಗಿರುತ್ತದೆ.
5. ಪೆಟ್ಟಿಗೆಯ ಲೇಬಲ್, ಒಳಗಿನ ಫೋಮು, ತಳದಲ್ಲಿ ಬಿದ್ದಿರುವ ಚೂರುಗಳು. ಆ ಚೂರುಗಳನ್ನು ಎಸೆಯಬೇಡಿ ಎಂದು ಬರೆದು ಕಳಿಸಿ.
6. ಒಂದು ಮೀಟರು ನಿಧಾನವಾಗಿ ಮುಂದೆ ಹೋಗಿ ಹಿಂದೆ ಬರುವ ವಿಡಿಯೊ, ಸದ್ದಿನ ಸಮೇತ.

"ಪರೀಕ್ಷಿಸಿಲ್ಲ" ಎಂದು ಬರೆದಿರುವುದನ್ನು ಓಡುವುದಿಲ್ಲ ಎಂದೇ ಓದಿಕೊಳ್ಳಿ; ಹೊಸ ಮೋಟಾರು, ಗೇರ್‌ಬಾಕ್ಸಿನ ಖರ್ಚು ಕಳೆದು ಬೆಲೆ ಕಟ್ಟಿ. ಇಬೇಯಲ್ಲಿ ಕೇಳುವ ಬೆಲೆಗೆ ಬೆಲೆಯಿಲ್ಲ. ಮಾರಾಟವಾದ ವಸ್ತುಗಳ ಪಟ್ಟಿಯನ್ನು ಮಾತ್ರ ನೋಡಿ, ಅದೇ ತಯಾರಕ, ಅದೇ ಆವೃತ್ತಿ, ಅದೇ ಸ್ಥಿತಿಯ ಮೂರ್ನಾಲ್ಕು ಮಾರಾಟ ಹುಡುಕಿ.

ಮೇಜಿನ ಮೇಲೆ ಪರೀಕ್ಷೆ

ಎಂಜಿನ್ ಕೈಗೆ ಸಿಕ್ಕಿದರೆ, ಅಂಗಡಿಯಲ್ಲಾಗಲಿ ಮನೆಗೆ ಬಂದ ಮೇಲಾಗಲಿ, ಮೊದಲು ವಿದ್ಯುತ್ ಕೊಡಬೇಡಿ. ಅಚ್ಚಿನ ಮೇಲಿರುವ ದೊಡ್ಡ ಗೇರು ಹಲ್ಲು ಕಳೆದುಕೊಂಡಿದೆಯೇ, ಬೀಗಿದೆಯೇ ನೋಡಿ. ಸರಳುಗಳನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿ. ಒಂದಿಷ್ಟು ಸಡಿಲ ಇರಬೇಕು, ಗಡಗಡ ಅನ್ನಬಾರದು.

ಹಳೆಯ ಅಮೆರಿಕದ ಪವರ್ ಪ್ಯಾಕು 110-120 ವೋಲ್ಟಿನದು, ಜಪಾನಿನದು 100 ವೋಲ್ಟಿನದು. ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಅದರ ಬದಲು 0ಯಿಂದ 15 ವೋಲ್ಟ್ ಕೊಡುವ, ಕರೆಂಟಿಗೆ ಮಿತಿ ಹಾಕಬಲ್ಲ ಡಿಸಿ ಸಪ್ಲೈ ಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥವು ಧಾರಾಳವಾಗಿ ಸಿಗುತ್ತವೆ. ಮಿತಿಯನ್ನು 1 ಆಂಪಿಯರಿಗೆ ಇಟ್ಟು 2 ವೋಲ್ಟಿನಿಂದ ಶುರುಮಾಡಿ, ನಿಧಾನವಾಗಿ ಏರಿಸಿ. 12 ವೋಲ್ಟ್ ದಾಟಬೇಡಿ.

ಆಗ ಏನಾಗುತ್ತದೆ ಎನ್ನುವುದರಲ್ಲೇ ರೋಗ ಗೊತ್ತಾಗುತ್ತದೆ.

ಟೆಂಡರ್ ಹಳಿಗೆ ಇಟ್ಟ ಕೂಡಲೇ ಶಾರ್ಟ್ ಆದರೆ ಹೆದರಬೇಡಿ. ಈ ಎಂಜಿನ್‌ಗಳಲ್ಲಿ ಎಂಜಿನ್ನಿನ ಗಾಲಿಗಳು ಬಲ ಹಳಿಯಿಂದ, ಟೆಂಡರಿನ ಗಾಲಿಗಳು ಎಡ ಹಳಿಯಿಂದ ವಿದ್ಯುತ್ ಎತ್ತಿಕೊಳ್ಳುತ್ತವೆ. ಎದುರು ಬದಿಯ ಗಾಲಿಗಳಿಗೆ ನಿರೋಧಕ ಉಂಗುರವಿದೆ. ಟೆಂಡರಿನ ಟ್ರಕ್ಕನ್ನು, ಅಂದರೆ ಗಾಲಿಗಳ ಚೌಕಟ್ಟನ್ನು, ಹಿಂದಿನವರು ಬಿಚ್ಚಿ ತಿರುಗಾಮುರುಗಾ ಹಾಕಿರುತ್ತಾರೆ. ಸ್ಕ್ರೂ ಬಿಚ್ಚಿ ಅರ್ಧ ಸುತ್ತು ತಿರುಗಿಸಿದರೆ ಕೆಲಸ ಮುಗಿಯಿತು. ಎಂಜಿನ್ನೂ ಟೆಂಡರೂ ಬೇರೆಬೇರೆಯಾಗಿ ಸರಿಯಿದ್ದು, ಜೋಡಿಸಿದಾಗ ಮಾತ್ರ ಶಾರ್ಟ್ ಆದರೆ ಕೊಂಡಿಯ ವಾಷರ್ ಕಾಣೆಯಾಗಿದೆ. ನೇರ ಹಳಿಯಲ್ಲಿ ಸರಿಯಿದ್ದು ತಿರುವಿನಲ್ಲಿ ಶಾರ್ಟ್ ಆದರೆ ಮುಂದಿನ ಪುಟ್ಟ ಗಾಲಿ ಸಿಲಿಂಡರಿಗೆ ತಾಗುತ್ತಿದೆ. ತಾಗುವ ಜಾಗಕ್ಕೆ ತೆಳುವಾಗಿ ಎಪಾಕ್ಸಿ ಬಳಿಯಿರಿ.

ಮೋಟಾರು ಗುಂಯ್‌ಗುಡುತ್ತದೆ, ಗಾಲಿ ತಿರುಗುವುದಿಲ್ಲ ಎಂದರೆ ರಬ್ಬರ್ ಕೊಳವೆ ಒಡೆದಿದೆ ಅಥವಾ ಜಾರುತ್ತಿದೆ. ಮುಂದಕ್ಕೆ ಸದ್ದಿಲ್ಲ, ಹಿಂದಕ್ಕೆ ಗುರ್ರೆನ್ನುತ್ತದೆ ಎಂದರೆ ವರ್ಮ್ ಗೇರು (ಸ್ಕ್ರೂ ಆಕಾರದ್ದು) ಶಾಫ್ಟಿನುದ್ದಕ್ಕೂ ಸರಿದಾಡುತ್ತಿದೆ. ತೆಳು ವಾಷರ್ ಹಾಕಿ ಆ ಸಡಿಲ ತೆಗೆಯಬೇಕು.

ಗಾಲಿ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ತಡವರಿಸಿದರೆ ವಿಷಯ ಸ್ವಲ್ಪ ಗಂಭೀರ. ಎಡಬಲ ಗಾಲಿಗಳ ಕ್ರ್ಯಾಂಕುಗಳ (ಸರಳು ಸೇರುವ ಜಾಗಗಳ) ನಡುವೆ 90 ಡಿಗ್ರಿ ಅಂತರವಿರಬೇಕು, ಎಲ್ಲ ಅಚ್ಚುಗಳಲ್ಲೂ ಅದು ಒಂದೇ ಸಮ ಇರಬೇಕು. ಒಂದು ಗಾಲಿ ಅಚ್ಚಿನ ಮೇಲೆ ಜಾರಿದ್ದರೆ ಸರಳು ಸಿಕ್ಕಿಬೀಳುತ್ತದೆ. ಖಚಿತಪಡಿಸಿಕೊಳ್ಳಲು ಮೋಟಾರನ್ನೂ ವರ್ಮನ್ನೂ ಅಚ್ಚಿನ ಗೇರಿನಿಂದ ಬಿಡಿಸಿ, ಗಾಜಿನ ಹಲಗೆಯ ಮೇಲೆ ಎಂಜಿನ್ನನ್ನು ಬೆರಳಿನಿಂದ ತಳ್ಳಿ. ಅಲ್ಲೂ ತಡವರಿಸಿದರೆ ದೋಷ ಗಾಲಿ-ಸರಳುಗಳದ್ದು. ಸಲೀಸಾಗಿ ಹೋದರೆ ದೋಷ ಗೇರಿನದ್ದು. ಬಾಗಿದ ಸರಳು, ಅದಲುಬದಲಾದ ಕ್ರ್ಯಾಂಕ್ ಸ್ಕ್ರೂ ಕೂಡ ಇದೇ ಲಕ್ಷಣ ತೋರಿಸುತ್ತವೆ. ಗಾಲಿಗೆ ಕೈಹಾಕುವ ಮುಂಚೆ ಅವನ್ನು ಪರೀಕ್ಷಿಸಿ.

ಕರೆಂಟ್ ಓದಿ. ಹಳೆಯ ತೆರೆದ ಚೌಕಟ್ಟಿನ ಮೋಟಾರು ಅರ್ಧ ಆಂಪಿಯರ್ ಎಳೆಯುವುದು ಸಹಜ. ಒಂದರ ಹತ್ತಿರ ಹೋಗಿ, ಎಂಜಿನ್ ಬಿಸಿಯಾಗಿ, ವೇಗ ಮಾತ್ರ ವಿಪರೀತ ಇದ್ದು, ಎಳೆಯುವ ಶಕ್ತಿಯಿಲ್ಲದಿದ್ದರೆ ಅಯಸ್ಕಾಂತ ಸತ್ತಿದೆ. ಆ ಕಾಲದ ಆಲ್ನಿಕೊ ಅಯಸ್ಕಾಂತದ ನಡುವಿನಿಂದ ಆರ್ಮೇಚರನ್ನು (ತಿರುಗುವ ತಂತಿಸುರುಳಿಯನ್ನು) ಹೊರತೆಗೆದರೆ ಬಲ ಕುಗ್ಗಿಬಿಡುತ್ತದೆ. ಯಾರೋ ಹಿಂದೆ "ಸರ್ವಿಸ್" ಮಾಡಿದ್ದಾರೆ ಎಂದರ್ಥ. ನೀವೂ ಆ ಆರ್ಮೇಚರ್ ಮುಟ್ಟಬೇಡಿ. ಅದರ ತುದಿಯಲ್ಲಿ ವಿದ್ಯುತ್ ಪಡೆಯುವ ತಾಮ್ರದ ಉಂಗುರವನ್ನು, ಅಂದರೆ ಕಮ್ಯುಟೇಟರನ್ನು, ಇದ್ದಲ್ಲೇ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ.

ಕೊನೆಗೆ ಗಾಲಿಯ ಅಂಚಿನ ಎತ್ತರ. ಹಳೆಯ ಗಾಲಿಗಳ ಅಂಚು ಆಳ. ಕೋಡ್ 100 ಹಳಿಯಲ್ಲಿ, ಅಂದರೆ 2.54 ಮಿ.ಮೀ. ಎತ್ತರದ್ದರಲ್ಲಿ, ಸರಾಗವಾಗಿ ಹೋಗುತ್ತವೆ, ಕೋಡ್ 70ರಲ್ಲಿ ಮೊಳೆತಲೆಗಳಿಗೆ ಬಡಿಯಬಹುದು. ಅಮೆರಿಕದ ಮಾದರಿ ರೈಲು ಸಂಘವಾದ ಎನ್‌ಎಂಆರ್‌ಎಯ ಅಳತೆ ಗೇಜಿನಿಂದ ಅಳೆದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ತರಿಸಿಕೊಳ್ಳುವುದು

ಈ ಎಂಜಿನ್‌ಗಳು ಹಾಳಾಗುವುದು ಓಡಿಯಲ್ಲ, ಅಂಚೆಯಲ್ಲಿ. ಅರ್ಧ ಕಿಲೊದಷ್ಟು ತೂಗುವ ಲೋಹ ಪೆಟ್ಟಿಗೆಯೊಳಗೆ ಒಂದು ಸೆಂ.ಮೀ. ಜರುಗಿದರೂ ಮುಂದಿನ ಮೆಟ್ಟಿಲು, ಹಿಡಿಕಂಬಿ ಮುರಿಯುತ್ತವೆ. ಮಾರುವವರಿಗೆ ಹೀಗೆ ಹೇಳಿ: ಎಂಜಿನ್ನೂ ಟೆಂಡರೂ ಬೇರೆಬೇರೆ ಗೂಡಿನಲ್ಲಿರಲಿ, ತೆಳು ಪಾಲಿಥೀನ್ ಹಾಳೆ ಸುತ್ತಲಿ, ಅಲುಗಾಡದಷ್ಟು ಬಿಗಿ ಇರಲಿ, ಮೂಲ ಪೆಟ್ಟಿಗೆಯ ಸುತ್ತ ಎಲ್ಲ ಬದಿಗೂ 5 ಸೆಂ.ಮೀ. ಮೆತ್ತೆ ಇಟ್ಟು ಇನ್ನೊಂದು ಗಟ್ಟಿ ಪೆಟ್ಟಿಗೆಯಲ್ಲಿ ಹಾಕಲಿ. ಮೂಲ ಪೆಟ್ಟಿಗೆಯ ಮೇಲೆಯೇ ವಿಳಾಸ ಅಂಟಿಸಬಾರದು.

ಭಾರತಕ್ಕೆ ತರಿಸುವವರು ಸುಂಕವನ್ನು ಮೊದಲೇ ಲೆಕ್ಕಹಾಕಬೇಕು. ಸುಂಕದ ಪಟ್ಟಿಯಲ್ಲಿ ಅಳತೆಯ ಮಾದರಿಗಳು ಆಟಿಕೆಗಳ ಜೊತೆ 9503ನೇ ಶೀರ್ಷಿಕೆಯಲ್ಲಿವೆ. ಅದರ ಮೂಲ ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಲಾಯಿತು. ಲೆಕ್ಕ ಹಾಕುವುದು ವಸ್ತುವಿನ ಬೆಲೆಗಷ್ಟೇ ಅಲ್ಲ, ಸಾಗಣೆ ಮತ್ತು ವಿಮೆಯನ್ನೂ ಸೇರಿಸಿ. ಅದರ ಮೇಲೆ ಜಿಎಸ್‌ಟಿ. ಆಟಿಕೆಗಳ ಗುಣಮಟ್ಟ ನಿಯಮದ ಪ್ರಶ್ನೆಯೂ ಏಳಬಹುದು. ಆರ್ಡರ್ ಮಾಡುವ ದಿನದ ದರ ಏನೆಂದು ಕೊರಿಯರ್ ಕಂಪನಿಯಲ್ಲೋ ಕಸ್ಟಮ್ಸ್ ಏಜೆಂಟರಲ್ಲೋ ಕೇಳಿ ಬರಹದಲ್ಲಿ ಪಡೆಯಿರಿ. "ಗಿಫ್ಟ್ ಅಂತ ಬರೆದುಬಿಡಿ" ಎಂಬ ಸಲಹೆ ಕೇಳಬೇಡಿ. ಅಂಚೆಯಲ್ಲಿ ಬರುವ ಉಡುಗೊರೆಗಳಿಗಿದ್ದ ವಿನಾಯಿತಿಯನ್ನು 2019ರ ಡಿಸೆಂಬರಿನಲ್ಲಿ ರಾಖಿ, ಜೀವರಕ್ಷಕ ಔಷಧಿಗಳಿಗೆ ಸೀಮಿತಗೊಳಿಸಲಾಗಿದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ತಲೆನೋವಿಲ್ಲ. ಅಲ್ಲಿನ ರೈಲು ಮೇಳಗಳಲ್ಲಿ ಮುಟ್ಟಿ, ಓಡಿಸಿ ನೋಡಿ ಕೊಳ್ಳಬಹುದು. ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ.

ಜಪಾನಿನ ಯಾಹೂ ಹರಾಜಿನಿಂದ ಕೊಳ್ಳಲು ಮಧ್ಯವರ್ತಿ ಸೇವೆ ಬೇಕು. ಅವರ ಶುಲ್ಕ, ಜಪಾನಿನ ಒಳಗಿನ ಸಾಗಣೆ, ಹೊರದೇಶದ ಸಾಗಣೆ ಮೂರನ್ನೂ ಕೂಡಿಸಿಯೇ ಹರಾಜು ಕೂಗಿ.

ಬಿಚ್ಚುವುದು, ತೊಳೆಯುವುದು

ಬಾಯ್ಲರನ್ನು ಚೌಕಟ್ಟಿಗೆ ಹಿಡಿದಿರುವುದು ಸಾಮಾನ್ಯವಾಗಿ ಎರಡು-ಮೂರು ಸ್ಕ್ರೂ: ಸಿಲಿಂಡರುಗಳ ನಡುವೆ ತಳದಲ್ಲಿ ಒಂದು, ಕ್ಯಾಬಿನ ಕೆಳಗೆ ಒಂದೋ ಎರಡೋ. ಬಿಚ್ಚಿದ ಸ್ಕ್ರೂ ಯಾವ ತೂತಿನದೆಂದು ಕಾಗದದ ಮೇಲೆ ಚಿತ್ರ ಬರೆದು ಅಲ್ಲೇ ಅಂಟಿಸಿ, ಏಕೆಂದರೆ ಉದ್ದ ಬೇರೆಬೇರೆ. ಉದ್ದದ್ದನ್ನು ತಪ್ಪು ಜಾಗಕ್ಕೆ ಹಾಕಿದರೆ ಗೇರಿಗೆ ತಾಗುತ್ತದೆ. ಹಳೆಯ ಜಪಾನಿ ಸ್ಕ್ರೂಗಳಲ್ಲಿ 1.7, 2.3, 2.6 ಮಿ.ಮೀ. ಅಳತೆಗಳಿವೆ. ಈಗ ಸಿಗುವ 1.6 ಮತ್ತು 2.5 ಮಿ.ಮೀ. ಸ್ಕ್ರೂ ಹತ್ತಿರದ್ದೆಂದು ತುರುಕಿದರೆ ಹಿತ್ತಾಳೆಯ ತೂತಿನ ಥ್ರೆಡ್ ಹಾಳು. ಅಚ್ಚುಗಳ ಕೆಳಗಿನ ಪಟ್ಟಿ ಬಿಚ್ಚುವಾಗ ಇಡೀ ಎಂಜಿನ್ನನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಹಿಡಿದು ಕೆಲಸ ಮಾಡಿ. ಅಲ್ಲಿರುವ ಸ್ಪ್ರಿಂಗುಗಳು ಸಾಸಿವೆಯಷ್ಟು ಸಣ್ಣವು, ಹಾರಿದರೆ ಸಿಗುವುದಿಲ್ಲ.

ಇನ್ನು ಹಿತ್ತಾಳೆ ಎಂದ ಕೂಡಲೇ ನಮ್ಮ ಕೈ ಹುಣಸೆಹಣ್ಣಿಗೋ ಪೀತಾಂಬರಿಗೋ ಹೋಗುತ್ತದೆ. ದಯವಿಟ್ಟು ಬೇಡ. ಪುಡಿ ರಿವೆಟ್ ತಲೆಗಳನ್ನು ಸವೆಸುತ್ತದೆ, ಸಂದಿಗಳಲ್ಲಿ ಬಿಳಿಯಾಗಿ ಕೂರುತ್ತದೆ. ಹುಳಿ ಹೆಚ್ಚು ಹೊತ್ತು ಇದ್ದರೆ ಮೇಲ್ಮೈಯ ಸತು ಕರಗಿ ತಾಮ್ರದ ಗುಲಾಬಿ ಬಣ್ಣ ಉಳಿಯುತ್ತದೆ. ಬ್ರಾಸೊದಂಥ ಪಾಲಿಶ್‌ಗಳು ಕಾರ್ಖಾನೆಯ ಲ್ಯಾಕರನ್ನೇ ಕೆರೆದು ಹಾಕುತ್ತವೆ. ಲ್ಯಾಕರ್ ಚೆನ್ನಾಗಿದ್ದರೆ ಮೆದು ಕುಂಚ, ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ ಇಷ್ಟೇ ಸಾಕು. ಮೋಟಾರು ಮಾತ್ರ ಹೊರಗಿರಬೇಕು.

ಅಮೋನಿಯಾ ಇರುವ ಯಾವ ದ್ರವವನ್ನೂ, ಗಾಜು ಒರೆಸುವ ದ್ರಾವಣವನ್ನೂ ಕೂಡ, ಹತ್ತಿರ ತರಬೇಡಿ. ಬಾಗಿಸಿದ, ಒತ್ತಿ ರೂಪಿಸಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ. ಅಮೋನಿಯಾ ತಾಗಿದರೆ ಅದು ಬಿರುಕು ಬಿಡುತ್ತದೆ. ಈ ಸಂಗತಿ ಬೆಳಕಿಗೆ ಬಂದದ್ದೇ ನಮ್ಮ ದೇಶದಲ್ಲಿ. ಬ್ರಿಟಿಷ್ ಸೈನ್ಯದ ಹಿತ್ತಾಳೆ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿ ಇಟ್ಟಾಗ ತಾವಾಗಿ ಸೀಳುತ್ತಿದ್ದವು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾವೇ ಕಾರಣವೆಂದು 1921ರಲ್ಲಿ ವಿವರಿಸಲಾಯಿತು.

ಬೆಸುಗೆಯ ಸುತ್ತ ಹಸಿರು ಕಿಲುಬು ಕಂಡರೆ ಅದು ಅಂದು ಸರಿಯಾಗಿ ತೊಳೆಯದೆ ಉಳಿದ ಫ್ಲಕ್ಸು, ಅಂದರೆ ಬೆಸುಗೆ ಹಿಡಿಯಲು ಹಚ್ಚಿದ ಪದಾರ್ಥ. ಅಡುಗೆಸೋಡಾವನ್ನು ನೀರಲ್ಲಿ ಕಲಸಿ ಕುಂಚದಿಂದ ಹಚ್ಚಿ, ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು, ಹೇರ್ ಡ್ರೈಯರಿನ ಕಡಿಮೆ ಬಿಸಿಯಲ್ಲಿ ಒಣಗಿಸಿ. ಲ್ಯಾಕರ್ ಚಕ್ಕೆಚಕ್ಕೆಯಾಗಿ ಎದ್ದಿದ್ದರೆ ಅಸಿಟೋನಿನಿಂದ ಪೂರ್ತಿ ತೆಗೆಯಬಹುದು. ಆದರೆ ಅದಕ್ಕೆ ಮೊದಲು ಗಾಲಿ, ಮೋಟಾರು, ದೀಪದ ಹರಳು ಎಲ್ಲ ಕಳಚಿಡಬೇಕು. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ.

ಬಿದ್ದ ಭಾಗವನ್ನು ಮತ್ತೆ ಬೆಸೆಯುವಾಗ ಪಕ್ಕದ ಭಾಗಗಳ ಮೇಲೆ ಒದ್ದೆ ಟಿಶ್ಯೂ ಇಟ್ಟು 40 ವ್ಯಾಟಿನ ಸೋಲ್ಡರಿಂಗ್ ಐರನ್ನಿನಿಂದ ಬೇಗ ಮುಗಿಸಿ. ತವರ-ಸೀಸದ ಬೆಸುಗೆ 183 ಡಿಗ್ರಿಯಲ್ಲಿ ಕರಗುತ್ತದೆ. ತಡಮಾಡಿದಷ್ಟೂ ಶಾಖ ತಗಡಿನುದ್ದಕ್ಕೆ ಹರಡಿ ಪಕ್ಕದವೂ ಬೀಳುತ್ತವೆ. ಕೈ ಪಳಗುವವರೆಗೆ ಎಪಾಕ್ಸಿಯೇ ಕ್ಷೇಮ.

ಮೋಟಾರು, ಗೇರು

ಹಳೆಯ ಎಣ್ಣೆ ಗೋಂದಿನಂತಾಗಿರುತ್ತದೆ. ಐಸೊಪ್ರೊಪೈಲಿನಿಂದ ಪೂರ್ತಿ ತೆಗೆದು, ಪ್ರತಿ ಅಚ್ಚಿನ ಬೇರಿಂಗಿಗೆ ಸೂಜಿಮೊನೆಯಿಂದ ಒಂದೇ ಹನಿ ತೆಳು ಎಣ್ಣೆ, ಗೇರಿಗೆ ಅಕ್ಕಿಕಾಳಿನಷ್ಟು ಪಿಟಿಎಫ್‌ಇ (ಟೆಫ್ಲಾನ್) ಗ್ರೀಸು ಹಾಕಿ. ಹೆಚ್ಚು ಹಾಕಿದರೆ ಗಾಲಿಗೆ ಹರಿದು ವಿದ್ಯುತ್ ಸಂಪರ್ಕ ಕೆಡುತ್ತದೆ.

ಮೋಟಾರು ಬದಲಿಸುವುದಾದರೆ ಮುಚ್ಚಿದ ಡಬ್ಬಿಯ ಮೋಟಾರು ಹುಡುಕಿ. ಜಪಾನಿನ ಮಶಿಮಾ ಮೋಟಾರುಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂತಿದ್ದವು. ಅವುಗಳ ಸಂಖ್ಯೆಯಲ್ಲೇ ಅಳತೆ ಇದೆ: 1628 ಎಂದರೆ 16 ಮಿ.ಮೀ. ಅಗಲ, 28 ಮಿ.ಮೀ. ಉದ್ದ. ಈಗ ತಯಾರಾಗುವುದಿಲ್ಲ, ಹಳೆಯ ದಾಸ್ತಾನು ಮಾತ್ರ ಅಲ್ಲಲ್ಲಿ ಸಿಗುತ್ತದೆ. ಬೇರೆ ಮೋಟಾರು ತರುವ ಮುಂಚೆ ಬಾಯ್ಲರಿನ ಒಳಗಿನ ಅಗಲ, ಎತ್ತರ, ಮೋಟಾರಿನ ಶಾಫ್ಟು ಗೇರ್‌ಬಾಕ್ಸಿನ ಶಾಫ್ಟಿನ ನೇರಕ್ಕೆ ಬರುವ ಎತ್ತರ ಈ ಮೂರನ್ನೂ ಅಳೆದಿಟ್ಟುಕೊಳ್ಳಿ. ಶಾಫ್ಟುಗಳು ಸಾಮಾನ್ಯವಾಗಿ 1.5, 2 ಅಥವಾ 2.4 ಮಿ.ಮೀ. ಎರಡೂ ಶಾಫ್ಟು ಒಂದೇ ನೇರಕ್ಕಿರಲಿ, ನಡುವೆ 2-3 ಮಿ.ಮೀ. ಬಿಟ್ಟು ಸಿಲಿಕೋನ್ ಕೊಳವೆ ಹಾಕಿ. ಓರೆಯಾದರೆ ಕೊಳವೆ ಕುಣಿದು ಕಿರುಗುಟ್ಟುತ್ತದೆ. ಕಾರ್ಖಾನೆಯ ಗೇರಿನಲ್ಲಿ ಎಂಜಿನ್ ಬಹಳ ವೇಗವಾಗಿ ಓಡುತ್ತದೆ. ನಾರ್ತ್‌ವೆಸ್ಟ್ ಶಾರ್ಟ್ ಲೈನ್ ಕಂಪನಿಯ 28:1 ಅಥವಾ 36:1 ಗೇರ್‌ಬಾಕ್ಸ್ ಹಾಕಿದರೆ ನಿಧಾನಗತಿ ಸುಧಾರಿಸುತ್ತದೆ.

ಡಿಸಿಸಿ ಡಿಕೋಡರ್ (ಡಿಜಿಟಲ್ ಸಂಕೇತದಿಂದ ಎಂಜಿನ್ ನಡೆಸುವ ಪುಟ್ಟ ಸರ್ಕ್ಯೂಟು) ಕೂರಿಸುವವರು ಒಂದನ್ನು ಮರೆಯಬಾರದು. ಹಳೆಯ ಮೋಟಾರಿನ ಒಂದು ಬ್ರಷ್ (ಕಮ್ಯುಟೇಟರಿಗೆ ವಿದ್ಯುತ್ ಮುಟ್ಟಿಸುವ ತುಂಡು) ಚೌಕಟ್ಟಿಗೇ ತಾಗಿಕೊಂಡಿರುತ್ತದೆ. ಹಾಗೇ ಡಿಕೋಡರ್ ಹಾಕಿದರೆ ಅದು ಸುಡುತ್ತದೆ. ಎರಡೂ ಬ್ರಷ್‌ಗಳಿಗೂ ಚೌಕಟ್ಟಿಗೂ ಸಂಪರ್ಕವಿಲ್ಲವೆಂದು ಮಲ್ಟಿಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ. 12 ವೋಲ್ಟಿನಲ್ಲಿ ಮೋಟಾರಿನ ಶಾಫ್ಟನ್ನು ಒಂದು ಕ್ಷಣ ತಡೆದಾಗ ಎಳೆಯುವ ಕರೆಂಟು ಡಿಕೋಡರಿನ ಮಿತಿಗಿಂತ ಕೆಳಗಿರಬೇಕು. ತೆರೆದ ಮೋಟಾರುಗಳು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸೋಲುತ್ತವೆ.

ತೆಗೆದಿಡುವುದು

ಮೂಲ ಪೆಟ್ಟಿಗೆ ಉಳಿಸಿ, ಅದರೊಳಗಿನ ಫೋಮನ್ನು ಎಸೆಯಿರಿ. ಆ ಕಾಲದ ಪಾಲಿಯುರೆಥೇನ್ ಫೋಮು ವಯಸ್ಸಾದಂತೆ ಅಂಟಂಟಾಗಿ ಕರಗಿ ಲ್ಯಾಕರಿಗೆ, ಬಣ್ಣಕ್ಕೆ ಹತ್ತಿಕೊಳ್ಳುತ್ತದೆ. ಅದೇ ಆಕಾರಕ್ಕೆ ಪಾಲಿಥೀನ್ ಫೋಮು ಕತ್ತರಿಸಿ ಹಾಕಿ. ಪಿವಿಸಿ ಹಾಳೆ, ಬಬಲ್ ರ‍್ಯಾಪ್ ನೇರವಾಗಿ ಬಣ್ಣಕ್ಕೆ ತಾಗಬಾರದು. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಜೂನ್ ಬರುವ ಮುಂಚೆ ಪೆಟ್ಟಿಗೆಗಳನ್ನು ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಸಮೇತ ಹಾಕಿಡಬೇಕು. ಜೆಲ್ಲಿನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಬರಿಗೈಯಲ್ಲಿ ಮುಟ್ಟಿದ ಬೆರಳಚ್ಚು ಲ್ಯಾಕರ್ ಇಲ್ಲದ ಹಿತ್ತಾಳೆಯ ಮೇಲೆ ಕೆಲವೇ ವಾರಗಳಲ್ಲಿ ಕಂದುಗಟ್ಟುತ್ತದೆ, ಆದ್ದರಿಂದ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಮೂರು ತಿಂಗಳಿಗೊಮ್ಮೆ ಹೊರತೆಗೆದು ಎರಡೂ ದಿಕ್ಕಿನಲ್ಲಿ ಹತ್ತು ಹತ್ತು ನಿಮಿಷ ನಿಧಾನಗತಿಯಲ್ಲಿ ಓಡಿಸಿದರೆ ಎಣ್ಣೆ ಗಟ್ಟಿಯಾಗುವುದಿಲ್ಲ.